ಮುಯ್ಯಾಳಿಗೆ ಬಂದ ಹಳೆ ಸಹಪಾಠಿಗಳು: ನನ್ನ ಅನುಭವ

"ಮೂರು ತಿಂಗಳು ನಡೆದರೆ ಹೆಚ್ಚು" ಅಂದಿದ್ದ ಗೋಣಿಕೊಪ್ಪದ ಗೆಳೆಯ, ನಾನು ಹಳೆ ಸಹಪಾಠಿಗಳ ಮುಯ್ಯಾಳು ಶುರುಮಾಡಿದಾಗ; ಅಂದರೆ ಒಬ್ಬರ ಮನೆಯ ಕೆಲಸಕ್ಕೆ ಉಳಿದವರೆಲ್ಲ ಸರದಿಯಂತೆ ಹೋಗುವುದು. ಕೊರೊನಾ ಕಾಲ ಬಿಟ್ಟು ಲೆಕ್ಕ ಹಾಕಿದರೂ ಈಗ ಐದು ವರ್ಷ ದಾಟಿದೆ. ಕಳೆದ ಬುಧವಾರ ಎಲ್ಲರಿಗಿಂತ ಮೊದಲು ನಮ್ಮ ಅಂಗಳಕ್ಕೆ ಬಂದು ಕತ್ತಿ ಮಸೆಯುತ್ತ ಕೂತವನೂ ಅವನೇ. ಇನ್ನು ಬರೆಯಬಹುದು ಅನ್ನಿಸಿತು.

ನಾವು 1971ರಲ್ಲಿ ಮಡಿಕೇರಿ ಸರ್ಕಾರಿ ಕಾಲೇಜಿಗೆ ಸೇರಿದವರು, ಈಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿರುವ ಕಾಲೇಜು. ತರಗತಿಯಲ್ಲಿ ನಲವತ್ತರ ಮೇಲಿದ್ದೆವು. ಜಿಲ್ಲೆಯಲ್ಲೇ ಉಳಿದು ಓಡಾಡುವ ಶಕ್ತಿ ಇರುವವರು ಹದಿನಾಲ್ಕು ಮಂದಿ.

ಮೊದಲು ಸೋತ ಕತೆ. 2014ರ ಸುಮಾರಿಗೆ ಒಂದು ರೆಸಾರ್ಟಿನಲ್ಲಿ ದೊಡ್ಡ ಪುನರ್ಮಿಲನ ಮಾಡಿದೆ. ತಲೆಗೆ ಎರಡೂವರೆ ಸಾವಿರ. ಬರುತ್ತೇವೆ ಅಂದವರು ಮೂವತ್ತೊಂದು, ಬಂದವರು ಇಪ್ಪತ್ತೆರಡು. ಮುಂಗಡ ಕೊಟ್ಟಾಗಿತ್ತು, ಹತ್ತೊಂಬತ್ತು ಸಾವಿರದಷ್ಟು ನನ್ನ ಪಿಂಚಣಿಯಿಂದ ಹೋಯಿತು. ಶಾಲು, ಭಾಷಣ, ಫೋಟೊ ಎಲ್ಲ ಆಯಿತು. ಮರುದಿನದಿಂದ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಆಮೇಲೆ ರಾಜಾಸೀಟಿನಲ್ಲಿ ಬೆಳಗಿನ ನಡಿಗೆ ಶುರುಮಾಡಿದೆ, ಏಳು ವಾರಕ್ಕೆ ನಿಂತಿತು. ವಿರಾಜಪೇಟೆಯವರು ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ಮಡಿಕೇರಿ ಹತ್ತಿ ಬರುವುದು ಆಗುವ ಮಾತಲ್ಲ. ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ಅರವತ್ತು ಶುಭೋದಯ; ಚುನಾವಣೆ ಬಂದಾಗ ಜಗಳ, ಇಬ್ಬರು ಹೊರನಡೆದರು. 2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮವನೊಬ್ಬ ಎಲ್ಲಿದ್ದಾನೆಂದು ಎರಡು ದಿನ ಆ ಗುಂಪಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅವನು ಪರಿಹಾರ ಕೇಂದ್ರದಲ್ಲಿದ್ದ. ಆ ಎರಡು ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಅಪ್ಪನ ಕಾಲದ ನಾಟಿ ನೆನಪಾಯಿತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದೇ ಮುಯ್ಯಾಳನ್ನು ನಮಗೆ ಹೊಂದಿಸಿದೆ. ತಿಂಗಳ ಮೊದಲ ಬುಧವಾರ ಒಬ್ಬರ ಮನೆ, ಹತ್ತರಿಂದ ಒಂದರವರೆಗೆ ಕೂತು ಮಾಡುವ ಕೆಲಸ, ಆಮೇಲೆ ಊಟ. ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಮನೆಯವರು ಅಷ್ಟೂ ಜನರಿಗೆ ಒಂದೊಂದು ದಿನ ಬಾಕಿ. ಕರೆದರೆ "ನೋಡೋಣ" ಅನ್ನುವ ಮನುಷ್ಯ, ಮುಯ್ಯಿ ಬಾಕಿ ಇದ್ದರೆ ಮಂಡಿಗೆ ಎಣ್ಣೆ ಹಚ್ಚಿಕೊಂಡಾದರೂ ಬರುತ್ತಾನೆ. ಇದನ್ನು ಕಂಡುಹಿಡಿದದ್ದು ನಾನು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೆಲಸ ಹೆಚ್ಚಾಗಿ ಕರಿಮೆಣಸಿನ ಬಳ್ಳಿಯದು. ಫೆಬ್ರುವರಿ, ಮಾರ್ಚಿನಲ್ಲಿ ಹಬ್ಬು ಬಳ್ಳಿ ಕತ್ತರಿಸಿ ತೊಟ್ಟೆಗೆ, ಅಂದರೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ, ಹಾಕಿದರೆ ಜೂನ್ ಮಳೆಗೆ ನೆಡಲು ಸಿದ್ಧ. ಮೊದಲ ವರ್ಷ ಎಂಟುನೂರು ತೊಟ್ಟೆಯಲ್ಲಿ ಐನೂರು ಕೊಳೆತವು. ಸಿಟ್ಟು ಬಂದು ಗೊಬ್ಬರ, ಮರಳು ಎಲ್ಲವನ್ನೂ ಬೈದೆವು. ಕಾರಣ ಬೇರೆ: ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಚೊಂಬು ನೀರು ಹೊಯ್ಯುತ್ತಿದ್ದರು! ಸುಮಾರು ಆರು ಸಾವಿರ ನಷ್ಟ. ಈಗ ನೀರಿನ ಅಧಿಕಾರ ಸಿದ್ದಾಪುರದ ಗೆಳತಿಯೊಬ್ಬರಿಗೇ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವರ ಮಾತು ಮೀರುವವರಿಲ್ಲ. ಮಣ್ಣು ಎರಡು ಪಾಲು, ಮರಳು ಒಂದು, ಒಣ ಸಗಣಿ ಗೊಬ್ಬರ ಒಂದು. ಮೂರು ಗಿಣ್ಣಿನ ತುಂಡು. ಮಳೆಗೆ ಮುಂಚೆ ಶೇಕಡಾ ಒಂದರ ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣದ ದ್ರಾವಣ. ನೆಡುವ ಮುನ್ನ ಬುಡವನ್ನು ಯಾವುದರಲ್ಲಿ ಅದ್ದುತ್ತೇವೆ ಅನ್ನುವುದು ಹದಿನಾಲ್ಕು ಜನರ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಹೋದ ವರ್ಷ ಸಾವಿರದ ನೂರರಷ್ಟು ಬಳ್ಳಿಯನ್ನು ಹನ್ನೆರಡು ರೂಪಾಯಿಯಂತೆ ಕೊಟ್ಟು ಹದಿಮೂರು ಸಾವಿರ ಚಿಲ್ಲರೆ ನಮ್ಮ ಗುಂಪಿನ ನಿಧಿಗೆ ಬಂತು. ಹೆಚ್ಚಿನದು ಪಣಿಯೂರು-1. ಅದೂ 1971ರಲ್ಲೇ ಬಿಡುಗಡೆಯಾದ ತಳಿ, ಹಾಗಾಗಿ ನಮ್ಮ ಬ್ಯಾಚಿನದೇ ಅನ್ನುತ್ತೇವೆ.

ಊಟದ ವಿಷಯದಲ್ಲೂ ಎಡವಿದೆವು. ಒಬ್ಬರ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿಕರಿ (ಹಂದಿ ಮಾಂಸದ ಸಾರು). ಮುಂದಿನವರು ಅದಕ್ಕಿಂತ ಜೋರು. ಖರ್ಚು ಮೂರು ಸಾವಿರ ಮುಟ್ಟಿತು. ಇಬ್ಬರು ತಮ್ಮ ಸರದಿ ಬಂದಾಗ ಏನೇನೋ ನೆಪ ಹೇಳತೊಡಗಿದರು. ಅರ್ಥವಾಯಿತು. ಈಗ ಅಕ್ಕಿ ರೊಟ್ಟಿ, ಒಂದು ಪಲ್ಯ, ಬೆಲ್ಲದ ಕಾಫಿ, ಸಕ್ಕರೆ ಕಾಯಿಲೆಯವರಿಗೆ ಬರಿ ಕಾಫಿ. ಏಳುನೂರು ರೂಪಾಯಿ ನಿಧಿಯಿಂದ. ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೆಟ್ ಇಲ್ಲ, ನಮಗೆ ಹಿರಿಯರ ರಿಯಾಯಿತಿ ಕಾಲು ಭಾಗ. ಖಾಸಗಿ ಬಸ್ಸೇ ಗತಿಯಾದ ಊರಿನವರಿಗೆ ನಿಧಿಯಿಂದ ಕೊಡುತ್ತೇವೆ.

ನಡುವೆ ಹಾಕಿಯನ್ನೂ ಪ್ರಯತ್ನಿಸಿದೆವು, ಟೆನಿಸ್ ಚೆಂಡಿನಲ್ಲಿ, ಓಡದೆ ನಡೆದು ಆಡುವುದು. ಸ್ಟಿಕ್ ಕೈಗೆ ಬಂದ ಮೇಲೆ ಕೊಡಗಿನವನು ನಡೆಯುತ್ತಾನೆಯೇ? ಮೂರನೇ ದಿನ ಒಬ್ಬನ ಕಣಕಾಲು ಉಳುಕಿತು. ಈಗ ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ನೋಡಲು ಒಟ್ಟಿಗೆ ಹೋಗುತ್ತೇವೆ. 1997ರಲ್ಲಿ ಕರಡದಲ್ಲಿ ನಡೆದ ಮೊದಲ ಪಂದ್ಯಾವಳಿ ನೋಡಿದವರು ನಮ್ಮಲ್ಲಿ ಮೂವರಿದ್ದಾರೆ.

ಮಳೆಗಾಲದಲ್ಲಿ ಯಾರ ಮನೆಗೂ ಹೋಗುವಂತಿಲ್ಲ. ಅದಕ್ಕೆ ಫೋನಿನ ಸರಪಳಿ. ಸಂಜೆ ಏಳಕ್ಕೆ ನಾನು ನಾಪೋಕ್ಲಿನ ಗೆಳೆಯನಿಗೆ ಮಾಡುತ್ತೇನೆ, ಅವನು ಮುಂದಿನವರಿಗೆ. ಎಂಟರೊಳಗೆ ಕೊನೆಯ ಕರೆ ನನಗೆ ಬರಬೇಕು. ಬಾರದಿದ್ದರೆ ಎಲ್ಲಿ ಕಡಿಯಿತೆಂದು ಹುಡುಕಿ, ಹತ್ತಿರದವರು ಜೀಪಿನಲ್ಲಿ ಹೋಗಿ ನೋಡುತ್ತಾರೆ. ಒಮ್ಮೆ ಬಚ್ಚಲಲ್ಲಿ ಬಿದ್ದಿದ್ದ ಗೆಳೆಯನನ್ನು ಒಂದೂವರೆ ಗಂಟೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದು ಇದರಿಂದಲೇ. ಕರೆಂಟು, ನೆಟ್‌ವರ್ಕ್ ಎರಡೂ ಹೋದ ವಾರಗಳಲ್ಲಿ ಐವತ್ತು ಪೈಸೆಯ ಅಂಚೆ ಕಾರ್ಡು. ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದವನು ನಾನು, ಅದರ ಬೆಲೆ ನನಗೆ ಗೊತ್ತು. ಕಕ್ಕಡ ಹದಿನೆಂಟರ ದಿನ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಎಲ್ಲರೂ ಅವರವರ ಮನೆಯಲ್ಲೇ ಮದ್ದುಸೊಪ್ಪಿನ ಪಾಯಸ ಮಾಡಿ, ಉಂಡ ಮೇಲೆ ಸರಪಳಿ.

ವಾಟ್ಸಾಪಿನಲ್ಲಿ ಜಗಳವಾಡಿದ ಆ ಇಬ್ಬರನ್ನು ಒಂದೇ ಚಾಪೆಯಲ್ಲಿ ಕೂರಿಸಿದ್ದು ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಹೇಳಿದರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಸುಂಟಿಕೊಪ್ಪದ ಗೆಳೆಯ ತೀರಿಕೊಂಡ. ಸರಪಳಿಯಲ್ಲಿ ಅವನ ಜಾಗ ಮುಚ್ಚಲು ಹೊರಟಿದ್ದೆ. ಅವನ ಹೆಂಡತಿ ಫೋನ್ ಮಾಡಿ, "ಅಣ್ಣ, ಅವರ ಮುಯ್ಯಿ ನಾಲ್ಕು ದಿನ ಬಾಕಿ ಇದೆಯಂತಲ್ಲ, ನಾನು ಬರ್ತೇನೆ" ಅಂದರು. ಬಾಕಿ ಎಂದೋ ತೀರಿತು. ಈಗ ಪುಸ್ತಕದಲ್ಲಿ ಅವರ ಹೆಸರಿಗೇ ಒಂದು ಪುಟ ಇದೆ, ಅವರಿಗೆ ನಾವು ಆರು ದಿನ ಕೊಡಬೇಕು.