ರಾಜಕೀಯ ವಿವಾದದ ಬಗ್ಗೆ ಅಭಿಪ್ರಾಯ ಬರೆಯುವ ಮುನ್ನ ಮಾಡಬೇಕಾದ ಕೆಲಸ

ಕಾವೇರಿ ನೀರು, ಲೋಕಸಭಾ ಕ್ಷೇತ್ರಗಳ ಪುನರ್‌ವಿಂಗಡಣೆ, ಉಕ್ರೇನ್ ಯುದ್ಧ, ಗಾಜಾ ಮುಂತಾದ ವಿಷಯಗಳ ಬಗ್ಗೆ ಅಭಿಪ್ರಾಯವಿಲ್ಲದವರು ನಮ್ಮಲ್ಲಿ ವಿರಳ. ಆದರೆ ಅದೇ ಅಭಿಪ್ರಾಯವನ್ನು ಪತ್ರಿಕೆಯ ವಾಚಕರ ಅಂಕಣಕ್ಕೋ ಸಂಪಾದಕೀಯ ಪುಟಕ್ಕೋ ಬರೆದು ಕಳುಹಿಸಲು ಕುಳಿತರೆ, ಎರಡನೆಯ ಪರಿಚ್ಛೇದದ ಹೊತ್ತಿಗೆ ಸರಕು ಮುಗಿದು, ಉಳಿದ ಜಾಗವನ್ನು ಯಾರದೋ ಹೊಗಳಿಕೆ ಅಥವಾ ತೆಗಳಿಕೆ ತುಂಬಿಕೊಳ್ಳುತ್ತದೆ. ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇವೆ ಎಂಬುದನ್ನು ನಿರ್ಧರಿಸಿಕೊಳ್ಳದೆ ಬರೆಯಲು ತೊಡಗುವುದೇ ಇದಕ್ಕೆ ಮುಖ್ಯ ಕಾರಣ.

ಪ್ರತಿಯೊಂದು ವಿವಾದದಲ್ಲಿಯೂ ನಡೆದದ್ದೇನು, ಕಾನೂನು ಏನು ಹೇಳುತ್ತದೆ, ನ್ಯಾಯವಾಗಿ ಏನಾಗಬೇಕು ಎಂಬ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮೊದಲನೆಯದಕ್ಕೆ ದಾಖಲೆಗಳಲ್ಲಿಯೂ ಎರಡನೆಯದಕ್ಕೆ ಸಂವಿಧಾನ, ಕಾಯ್ದೆ ಮತ್ತು ತೀರ್ಪುಗಳಲ್ಲಿಯೂ ಉತ್ತರ ಹುಡುಕಬೇಕು. ವೈಯಕ್ತಿಕ ಅಭಿಪ್ರಾಯಕ್ಕೆ ನಿಜವಾಗಿ ಎಡೆಯಿರುವುದು ಮೂರನೆಯದರಲ್ಲಿ. ಆದುದರಿಂದ ಬರೆಯುವ ಮುನ್ನ ಒಂದು ಹಾಳೆಯ ಮೇಲೆ ಈ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬರೆದುಕೊಂಡು, ನಿಮ್ಮ ಸಿಟ್ಟು ಅಥವಾ ಸಮಾಧಾನ ಯಾವುದಕ್ಕೆ ಸಂಬಂಧಿಸಿದ್ದು ಎಂದು ಗುರುತು ಹಾಕಿಕೊಳ್ಳಿ.

ಕಾವೇರಿಯನ್ನೇ ತೆಗೆದುಕೊಳ್ಳೋಣ. ಮುಂಗಾರು ಕೈಕೊಟ್ಟ 2023ರ ಆಗಸ್ಟ್ ಕೊನೆಯಲ್ಲಿ, ಹದಿನೈದು ದಿನಗಳ ಕಾಲ ಪ್ರತಿದಿನ 5,000 ಕ್ಯುಸೆಕ್ ನೀರನ್ನು ತಮಿಳುನಾಡಿಗೆ ಹರಿಸಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ಕರ್ನಾಟಕಕ್ಕೆ ಸೂಚಿಸಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಆಗ ಬಂದ ಬರಹಗಳಲ್ಲಿ 5,000 ಎಂಬ ಸಂಖ್ಯೆ ಎಲ್ಲೆಡೆ ಇತ್ತು. ಅದು ಎಷ್ಟು ನೀರು ಎಂಬ ಲೆಕ್ಕ ಅಪರೂಪವಾಗಿತ್ತು. ಕ್ಯುಸೆಕ್ ಎಂಬುದು ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ವೇಗದ ಲೆಕ್ಕ. ಟಿಎಂಸಿ ಎಂಬುದು ನೂರು ಕೋಟಿ ಘನ ಅಡಿಯಷ್ಟು ನೀರಿನ ಪ್ರಮಾಣ. ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಅಂದರೆ 5,000 ಕ್ಯುಸೆಕ್‌ನಂತೆ ಹದಿನೈದು ದಿನಕ್ಕೆ ಹರಿಯುವುದು ಸುಮಾರು ಆರೂವರೆ ಟಿಎಂಸಿ. ಕೃಷ್ಣರಾಜಸಾಗರ ಪೂರ್ಣ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಈ ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡ ಮೇಲೂ ಆದೇಶ ಅನ್ಯಾಯವೆಂದು ನೀವು ವಾದಿಸಬಹುದು, ಏಕೆಂದರೆ ಬರಗಾಲದಲ್ಲಿ ಅಣೆಕಟ್ಟೆ ತುಂಬಿರುವುದಿಲ್ಲ, ಮಂಡ್ಯದ ನಾಲೆಗಳೂ ಬೆಂಗಳೂರಿನ ನಲ್ಲಿಗಳೂ ಅದೇ ನೀರನ್ನು ಕಾಯುತ್ತಿರುತ್ತವೆ. ಆದರೆ ಆಗ ನೀವು ವಾದಿಸುತ್ತಿರುವುದು ಎಷ್ಟು ನೀರಿನ ಬಗ್ಗೆ ಎಂಬುದು ಓದುಗರಿಗೂ ನಿಮಗೂ ತಿಳಿದಿರುತ್ತದೆ.

ಇನ್ನು ಕಾನೂನಿನ ಪ್ರಶ್ನೆ. ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ಫೆಬ್ರುವರಿ 5ರ ಅಂತಿಮ ಐತೀರ್ಪಿನಲ್ಲಿ ಕಣಿವೆಯ ಒಟ್ಟು ಇಳುವರಿಯನ್ನು 740 ಟಿಎಂಸಿ ಎಂದು ಲೆಕ್ಕ ಹಾಕಿ, ಸಾಮಾನ್ಯ ವರ್ಷದಲ್ಲಿ ಕರ್ನಾಟಕವು ಗಡಿಯಲ್ಲಿ 192 ಟಿಎಂಸಿ ಬಿಡಬೇಕೆಂದಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು, ಹೀಗೆ ಕರ್ನಾಟಕಕ್ಕೆ ಉಳಿದ 14.75 ಟಿಎಂಸಿಯಲ್ಲಿ 4.75ನ್ನು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಗಮನಿಸಿ ಕೊಡಲಾಯಿತು. ಇಳುವರಿ ಕಡಿಮೆಯಾದ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂಬುದೂ ಐತೀರ್ಪಿನಲ್ಲಿದೆ. ‘ಒಂದು ಹನಿಯನ್ನೂ ಬಿಡಬಾರದು’ ಎಂಬ ಘೋಷಣೆಗೆ ಈ ಚೌಕಟ್ಟಿನಲ್ಲಿ ಸ್ಥಳವಿಲ್ಲ. ಆದರೆ ಕೊರತೆಯನ್ನು ಯಾವ ಅಳತೆಯಿಂದ, ಎಷ್ಟು ದಿನಕ್ಕೊಮ್ಮೆ ಲೆಕ್ಕ ಹಾಕಬೇಕು ಎಂಬುದರ ಬಗ್ಗೆ ಗಟ್ಟಿಯಾದ ವಾದಕ್ಕೆ ಬೇಕಾದಷ್ಟು ಅವಕಾಶವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಕರ್ನಾಟಕದ ಪರವಾಗಿ ಬರೆಯುವವರು ನಿಲ್ಲಬೇಕಾದ ನೆಲ ಅದೇ. ಘೋಷಣೆ ಚಪ್ಪಾಳೆ ಗಿಟ್ಟಿಸಬಹುದು, ಆದರೆ ಪ್ರಾಧಿಕಾರದ ಮುಂದೆ ರಾಜ್ಯದ ಅಧಿಕಾರಿಗಳು ಮಂಡಿಸುವುದು ಒಳಹರಿವಿನ ಕೋಷ್ಟಕವನ್ನು.

ಸಂಖ್ಯೆಗಳನ್ನು ಸ್ವತಃ ಗುಣಿಸಿ ನೋಡುವ ಅಭ್ಯಾಸ ಇನ್ನೊಂದು ರೀತಿಯಲ್ಲಿಯೂ ನೆರವಾಗುತ್ತದೆ: ನಮ್ಮದೇ ಪಾಳಯದಲ್ಲಿ ಪ್ರಚಲಿತವಾಗಿರುವ ವಾಕ್ಯ ಎಷ್ಟು ನಿಜ ಎಂಬುದು ತಿಳಿಯುತ್ತದೆ. ‘ಕ್ಷೇತ್ರ ಪುನರ್‌ವಿಂಗಡಣೆಯಿಂದ ದಕ್ಷಿಣಕ್ಕೆ ಅನ್ಯಾಯ’ ಎಂಬ ಮಾತನ್ನು ನೋಡಿ. ರಾಜ್ಯಗಳಿಗೆ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1976ರ 42ನೇ ತಿದ್ದುಪಡಿಯು 1971ರ ಜನಗಣತಿಯ ಆಧಾರದ ಮೇಲೆಯೇ ಇರಿಸಿ, ಮುಂದಿನ ಬದಲಾವಣೆಯನ್ನು ತಡೆಹಿಡಿಯಿತು. 84ನೇ ತಿದ್ದುಪಡಿಯು ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಈ ಹಂಚಿಕೆಯಂತೆ 543 ಸ್ಥಾನಗಳಲ್ಲಿ ಕರ್ನಾಟಕಕ್ಕೆ 28, ತಮಿಳುನಾಡಿಗೆ 39, ಕೇರಳಕ್ಕೆ 20, ಉತ್ತರ ಪ್ರದೇಶಕ್ಕೆ 80. ಈಗ 2011ರ ಜನಗಣತಿಯ ಸಂಖ್ಯೆಗಳಿಂದ ಒಂದು ಒರಟು ಲೆಕ್ಕ ಮಾಡಿ: ದೇಶದ 121 ಕೋಟಿ ಜನರಲ್ಲಿ ಕರ್ನಾಟಕದವರು ಸುಮಾರು 6.11 ಕೋಟಿ, ಅಂದರೆ ಶೇ 5ಕ್ಕಿಂತ ಸ್ವಲ್ಪ ಹೆಚ್ಚು. 543ರಲ್ಲಿ ಅದು ಸುಮಾರು 27 ಸ್ಥಾನ. ಇದೇ ಲೆಕ್ಕದಲ್ಲಿ 7.21 ಕೋಟಿ ಜನರ ತಮಿಳುನಾಡಿಗೆ ಸುಮಾರು 32, 3.34 ಕೋಟಿಯ ಕೇರಳಕ್ಕೆ 15, ಸುಮಾರು 20 ಕೋಟಿಯ ಉತ್ತರ ಪ್ರದೇಶಕ್ಕೆ 90ರ ಆಸುಪಾಸು ಬರುತ್ತದೆ. ಹೊಸ ಜನಗಣತಿಯಲ್ಲಿ ಈ ಅಂಕಿಗಳು ಬದಲಾಗುತ್ತವೆ, ಸದನದ ಗಾತ್ರವೂ ಬದಲಾಗಬಹುದು. ಆದರೂ ಒಂದು ಸಂಗತಿ ಸ್ಪಷ್ಟ: ಕರ್ನಾಟಕದ ನಷ್ಟ ತಮಿಳುನಾಡು, ಕೇರಳಗಳ ನಷ್ಟದಷ್ಟಿಲ್ಲ. ಆದುದರಿಂದ ಕರ್ನಾಟಕದ ಲೇಖಕರು ನೆರೆ ರಾಜ್ಯಗಳ ಅಂಕಿಯನ್ನು ಎರವಲು ತಂದು ‘ನಾವು’ ಎಂದು ಬರೆದರೆ ವಾದ ಸಡಿಲವಾಗುತ್ತದೆ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳ ಪ್ರಾತಿನಿಧ್ಯ ಕುಗ್ಗುವುದು ಒಕ್ಕೂಟ ವ್ಯವಸ್ಥೆಗೆ ಒಳ್ಳೆಯದಲ್ಲ ಎಂಬ ತಾತ್ವಿಕ ನೆಲೆಯಿಂದ ಬರೆದರೆ ಗಟ್ಟಿಯಾಗುತ್ತದೆ. ಹಾಗೆ ಬರೆಯುವಾಗ ಎದುರು ಪಕ್ಷದ ಪ್ರಬಲ ವಾದವನ್ನೂ ಎತ್ತಿಕೊಳ್ಳಬೇಕು: ಬಿಹಾರದ ಮತದಾರನ ಒಂದು ಮತಕ್ಕೆ ಕೇರಳದ ಮತದಾರನ ಮತಕ್ಕಿಂತ ಕಡಿಮೆ ಬೆಲೆ ಇರುವುದು ಎಷ್ಟು ಕಾಲ ಸರಿ?

ರಾಜಕಾರಣಿಗಳ ಹೇಳಿಕೆಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. 2025ರ ಫೆಬ್ರುವರಿಯಲ್ಲಿ ಕೇಂದ್ರ ಗೃಹಸಚಿವ ಅಮಿತ್ ಶಾ ಅವರು ಕೊಯಮತ್ತೂರಿನಲ್ಲಿ, ದಕ್ಷಿಣದ ಯಾವ ರಾಜ್ಯವೂ ಒಂದು ಸ್ಥಾನವನ್ನೂ ಕಳೆದುಕೊಳ್ಳುವುದಿಲ್ಲ ಎಂದರು. ಸದನವೇ ದೊಡ್ಡದಾದರೆ ಸ್ಥಾನಗಳ ಸಂಖ್ಯೆ ಇಳಿಯದೆಯೂ ಪಾಲು ಇಳಿಯಬಹುದು. ಹೇಳಿಕೆಯನ್ನು ನಂಬುವುದು ಅಥವಾ ತಳ್ಳಿಹಾಕುವುದಕ್ಕಿಂತ ಅದು ಯಾವುದರ ಬಗ್ಗೆ ಮೌನವಾಗಿದೆ ಎಂದು ಕೇಳುವುದು ಬರಹಕ್ಕೆ ಹೆಚ್ಚು ಉಪಯುಕ್ತ.

ಮುಂದಿನ ಹಂತ ಕಷ್ಟದ್ದು, ಅನೇಕರು ಬಿಟ್ಟುಬಿಡುವಂಥದ್ದು. ಪಕ್ಷಗಳ ಹೆಸರನ್ನು ಅದಲುಬದಲು ಮಾಡಿದರೂ ನಿಮ್ಮ ವಾಕ್ಯ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ನಮ್ಮ ಇತಿಹಾಸದಲ್ಲಿ ಸಿದ್ಧ ಉದಾಹರಣೆಯೊಂದಿದೆ. 2017ರ ಮಾರ್ಚ್‌ನಲ್ಲಿ ಗೋವಾದ 40 ಸ್ಥಾನಗಳಲ್ಲಿ ಕಾಂಗ್ರೆಸ್ 17, ಬಿಜೆಪಿ 13 ಗೆದ್ದಿದ್ದವು. ಚುನಾವಣೆಯ ನಂತರ ಇತರರ ಬೆಂಬಲ ಒಗ್ಗೂಡಿಸಿದ ಬಿಜೆಪಿಗೆ ಸರ್ಕಾರ ರಚಿಸುವ ಆಹ್ವಾನ ಸಿಕ್ಕಿತು. ಅತಿ ದೊಡ್ಡ ಪಕ್ಷವನ್ನು ಕರೆಯಬೇಕಿತ್ತು ಎಂದು ಕಾಂಗ್ರೆಸ್ ದೂರಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಸ್ಥಾನ ಗಳಿಸಿದಾಗ ರಾಜ್ಯಪಾಲರು ಅತಿ ದೊಡ್ಡ ಪಕ್ಷವಾದ ಬಿಜೆಪಿಯನ್ನು ಕರೆದರು; ಬಹುಮತವುಳ್ಳ ಮೈತ್ರಿಕೂಟವನ್ನು ಕರೆಯಬೇಕಿತ್ತು ಎಂದು ಕಾಂಗ್ರೆಸ್ ಸುಪ್ರೀಂ ಕೋರ್ಟ್‌ನ ಬಾಗಿಲು ತಟ್ಟಿತು. ಹದಿನಾಲ್ಕು ತಿಂಗಳಲ್ಲಿ ಎರಡೂ ಪಕ್ಷಗಳು ಪರಸ್ಪರರ ವಾದವನ್ನು ಬದಲಾಯಿಸಿಕೊಂಡಿದ್ದವು. ರಾಜ್ಯಪಾಲರ ಅಧಿಕಾರದ ಬಗ್ಗೆ ಬರೆಯುವವರು ಈ ಎರಡು ಪ್ರಕರಣಗಳಲ್ಲಿಯೂ ಒಂದೇ ಉತ್ತರ ಕೊಡಬಲ್ಲರೇ ಎಂದು ಮೊದಲು ನೋಡಿಕೊಳ್ಳಲಿ. ಬಹುಮತ ಸಾಬೀತಾಗಬೇಕಾದ ಸ್ಥಳ ಸದನವೇ ಎಂದು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನೆಲೆ, ಪಕ್ಷಗಳ ಹೆಸರನ್ನು ಬದಲಾಯಿಸಿದರೂ ಅಲುಗದಂಥದ್ದು.

ವಿದೇಶದ ವಿವಾದಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಕಥೆಯನ್ನು ಯಾವ ದಿನಾಂಕದಿಂದ ಆರಂಭಿಸುತ್ತೀರಿ ಎಂಬುದೇ ಬಹುಮಟ್ಟಿಗೆ ತೀರ್ಪನ್ನು ನಿರ್ಧರಿಸಿಬಿಡುತ್ತದೆ. ಗಾಜಾದ ಬಗೆಗಿನ ಬರಹ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7ರಿಂದ ತೊಡಗಿದರೆ ಒಂದು ಚಿತ್ರ, ಇಸ್ರೇಲ್ ಗಾಜಾವನ್ನು ವಶಪಡಿಸಿಕೊಂಡ 1967ರಿಂದ ತೊಡಗಿದರೆ ಇನ್ನೊಂದು, ಇಸ್ರೇಲ್ ಸ್ಥಾಪನೆಯಾದ 1948ರಿಂದ ತೊಡಗಿದರೆ ಮತ್ತೊಂದು. ಎಲ್ಲವನ್ನೂ ಹೇಳಲು ಸಣ್ಣ ಲೇಖನದಲ್ಲಿ ಜಾಗವಿರುವುದಿಲ್ಲ. ಆರಂಭಬಿಂದುವನ್ನು ಏಕೆ ಆರಿಸಿಕೊಂಡಿರಿ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಭಾರತದ ನಿಲುವಿನ ಬಗ್ಗೆ ಬರೆಯುವುದಾದರೆ ‘ನಾವು ಯಾವಾಗಲೂ ಅವರ ಪರ’ ಎಂಬ ವಾಕ್ಯವನ್ನು ಹೊಡೆದುಹಾಕಿ ದಾಖಲೆಯನ್ನೇ ಮುಂದಿಡಿ. 1947ರ ನವೆಂಬರ್‌ನಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ಯೋಜನೆಗೆ ಭಾರತ ವಿಶ್ವಸಂಸ್ಥೆಯಲ್ಲಿ ವಿರುದ್ಧ ಮತ ಹಾಕಿತು, 1988ರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರವನ್ನು ಮಾನ್ಯ ಮಾಡಿತು, 1992ರ ಜನವರಿಯಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. 2023ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಸಭೆಯ ಮತದಾನದಿಂದ ದೂರ ಉಳಿದು, ಡಿಸೆಂಬರ್ 12ರಂದು ಕದನವಿರಾಮದ ನಿರ್ಣಯದ ಪರ ಮತ ಹಾಕಿತು. ಈ ಸಾಲಿನಲ್ಲಿ ಮುಂದುವರಿಕೆ ಕಾಣುತ್ತದೆಯೋ ಅವಕಾಶವಾದ ಕಾಣುತ್ತದೆಯೋ ಎಂಬುದನ್ನು ನೀವು ವಾದಿಸಿ ತೋರಿಸಬಹುದು.

ಉಕ್ರೇನ್ ವಿಷಯದಲ್ಲಿ ನಮ್ಮವರು ಎರಡು ಪ್ರಶ್ನೆಗಳನ್ನು ಬೆರೆಸುವುದು ಹೆಚ್ಚು. 2022ರ ಮಾರ್ಚ್ 2ರಂದು ರಷ್ಯಾದ ಆಕ್ರಮಣವನ್ನು ಖಂಡಿಸುವ ನಿರ್ಣಯಕ್ಕೆ ಸಾಮಾನ್ಯ ಸಭೆಯಲ್ಲಿ 141 ದೇಶಗಳು ಪರವಾಗಿ, 5 ವಿರುದ್ಧವಾಗಿ ಮತ ಹಾಕಿದವು. ದೂರ ಉಳಿದ 35ರಲ್ಲಿ ಭಾರತವೂ ಒಂದು. ಅದರ ಹಿಂದಿನ ದಿನವಷ್ಟೇ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾಗಿದ್ದರು, ಸಾವಿರಾರು ವಿದ್ಯಾರ್ಥಿಗಳು ಇನ್ನೂ ಅಲ್ಲಿಯೇ ಸಿಲುಕಿದ್ದರು. ಆಕ್ರಮಣ ತಪ್ಪೇ ಎಂಬುದು ಒಂದು ಪ್ರಶ್ನೆ. ಆ ಸ್ಥಿತಿಯಲ್ಲಿ ಭಾರತ ಸರ್ಕಾರ ಹೇಗೆ ಮತ ಹಾಕಬೇಕಿತ್ತು ಎಂಬುದು ಮತ್ತೊಂದು. ಮೊದಲನೆಯದಕ್ಕೆ ‘ಹೌದು’ ಎಂದು, ಎರಡನೆಯದಕ್ಕೆ ‘ದೂರ ಉಳಿದದ್ದು ಸರಿ’ ಎಂದು ಹೇಳುವುದರಲ್ಲಿ ವಿರೋಧಾಭಾಸವಿಲ್ಲ, ಆದರೆ ಎರಡನ್ನೂ ಬಿಡಿಸಿ ಹೇಳದಿದ್ದರೆ ಓದುಗರಿಗೆ ಹಾಗೆ ಕಾಣುವುದಿಲ್ಲ. ಇಲ್ಲಿಯೂ ಅದಲುಬದಲಿನ ಪರೀಕ್ಷೆ ಅನ್ವಯಿಸುತ್ತದೆ: 2003ರಲ್ಲಿ ಇರಾಕ್‌ನ ಮೇಲೆ ಅಮೆರಿಕ ನಡೆಸಿದ ಯುದ್ಧಕ್ಕೂ ಇದೇ ಅಳತೆಗೋಲನ್ನು ಹಿಡಿಯುತ್ತೀರಾ?

ಮೂಲ ದಾಖಲೆಗಳನ್ನು ಹುಡುಕುವುದು ಮೊದಲಿನಷ್ಟು ಕಷ್ಟವಲ್ಲ. ಮಸೂದೆಗಳು ಮತ್ತು ಚರ್ಚೆಗಳು ಸಂಸತ್ತಿನ ಜಾಲತಾಣದಲ್ಲಿಯೂ ಮತದಾನದ ವಿವರಗಳು ವಿಶ್ವಸಂಸ್ಥೆಯ ಗ್ರಂಥಾಲಯದ ತಾಣದಲ್ಲಿಯೂ ಸಿಗುತ್ತವೆ. ಸುಪ್ರೀಂ ಕೋರ್ಟ್‌ನ ಅನೇಕ ತೀರ್ಪುಗಳ ಕನ್ನಡ ಅನುವಾದವೂ ಲಭ್ಯವಿದೆ. ದೀರ್ಘ ತೀರ್ಪನ್ನು ಪೂರ್ತಿ ಓದಲಾಗದಿದ್ದರೆ ಕೊನೆಯ ಆದೇಶ ಭಾಗವನ್ನೂ ಭಿನ್ನಮತದ ತೀರ್ಪಿದ್ದರೆ ಅದನ್ನೂ ಓದಿ. ನಿಮ್ಮ ವಾದಕ್ಕಿರುವ ಅತ್ಯುತ್ತಮ ಆಕ್ಷೇಪಣೆ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಟಿವಿ ಚರ್ಚೆಗಳಿಂದ ಎತ್ತಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದು ಯಾರು ಯಾವ ದಾಖಲೆಯ ಹೆಸರು ಹೇಳಿದರು ಎಂಬುದಷ್ಟೇ.

ಕಾನೂನಿನ ಮಿತಿಗಳನ್ನು ತಿಳಿದಿರಬೇಕು, ಅದಕ್ಕೆ ಹೆದರಿ ಬರೆಯದಿರಬೇಕಾಗಿಲ್ಲ. ಸಂವಿಧಾನದ 19(1)(ಎ) ವಿಧಿ ನಾಗರಿಕರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಟ್ಟರೆ 19(2) ಅದರ ಮೇಲೆ ಹಾಕಬಹುದಾದ ನಿರ್ಬಂಧಗಳನ್ನು ಹೇಳುತ್ತದೆ. ಆನ್‌ಲೈನ್‌ನ ಆಕ್ಷೇಪಾರ್ಹ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದೇ ರದ್ದುಪಡಿಸಲಾಯಿತು. ಆದರೆ ಮಾನಹಾನಿ ಇಂದಿಗೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರೆದದ್ದು ಸತ್ಯವಾಗಿದ್ದರೆ ಸಾಲದು, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೂ ಆಗಿರಬೇಕು. ಗುಂಪುಗಳ ನಡುವೆ ದ್ವೇಷ ಹರಡುವ ಬರಹಕ್ಕೆ 196ನೇ ಕಲಮಿದೆ. ನಿರ್ಧಾರವನ್ನು ಟೀಕಿಸುವ ವಾಕ್ಯ, ವ್ಯಕ್ತಿಯ ಉದ್ದೇಶವನ್ನು ಆರೋಪಿಸುವ ವಾಕ್ಯಕ್ಕಿಂತ ಸುರಕ್ಷಿತವೂ ಹೌದು, ಸಮರ್ಥಿಸಿಕೊಳ್ಳಲು ಸುಲಭವೂ ಹೌದು. ಸರ್ಕಾರಿ ನೌಕರರು ತಮ್ಮ ನಡತೆ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರಿಗೆ ಅಲ್ಲಿನ ಸೈಬರ್ ಕಾನೂನು ಅನ್ವಯಿಸುತ್ತದೆಯೇ ಹೊರತು ನಮ್ಮ 19ನೇ ವಿಧಿ ರಕ್ಷಣೆಗೆ ಬರುವುದಿಲ್ಲ. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕೆಂದು 2025ರ ಜೂನ್‌ನಲ್ಲಿ ಆ ದೇಶ ಸೂಚಿಸಿರುವುದನ್ನೂ ಮಕ್ಕಳನ್ನು ಓದಲು ಕಳುಹಿಸುವ ಮನೆಯವರು ನೆನಪಿಡುವುದು ಒಳ್ಳೆಯದು.

ಬರವಣಿಗೆಗೆ ಕುಳಿತಾಗ ನಿಮ್ಮ ನಿಲುವನ್ನು ಮೊದಲ ಎರಡು ವಾಕ್ಯಗಳಲ್ಲಿಯೇ ಹೇಳಿಬಿಡಿ. ಪೀಠಿಕೆ ಓದುವ ವ್ಯವಧಾನ ಯಾರಿಗೂ ಇಲ್ಲ. ಬಳಿಕ ಅದಕ್ಕೆ ಆಧಾರವಾದ ಒಂದೆರಡು ಸಂಗತಿಗಳನ್ನು ದಿನಾಂಕದೊಂದಿಗೆ ಕೊಡಿ. ಎದುರು ಪಕ್ಷದ ವಾದವನ್ನು ಆ ಪಕ್ಷದವರೇ ಒಪ್ಪುವಂತೆ ಹೇಳಿ, ಅನಂತರ ಉತ್ತರಿಸಿ. ಯಾವ ಸಂಗತಿ ಹೊರಬಂದರೆ ನಿಮ್ಮ ನಿಲುವು ಬದಲಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ದಾಖಲಿಸಿ: ಉದಾಹರಣೆಗೆ, ‘ಸದನದ ಗಾತ್ರ ಹೆಚ್ಚಿದರೂ ಕರ್ನಾಟಕದ ಶೇಕಡಾವಾರು ಪಾಲನ್ನು ಉಳಿಸುವ ಖಾತರಿ ಮಸೂದೆಯಲ್ಲಿಯೇ ಬಂದರೆ ನನ್ನ ಆಕ್ಷೇಪಣೆ ಉಳಿಯುವುದಿಲ್ಲ.’ ಇಂಥ ವಾಕ್ಯ ಬರೆಯಲು ಸಾಧ್ಯವೇ ಆಗದಿದ್ದರೆ ನಿಮ್ಮ ಕೈಯಲ್ಲಿರುವುದು ನಿಷ್ಠೆ, ಅಭಿಪ್ರಾಯವಲ್ಲ; ಅದನ್ನು ಪ್ರಕಟಿಸುವ ಮುನ್ನ ಇನ್ನೊಂದು ವಾರ ಓದುವುದು ಲೇಸು.

ಪತ್ರಿಕೆಗೆ ಕಳುಹಿಸುವಾಗ ಪೂರ್ಣ ಹೆಸರು ಮತ್ತು ವಿಳಾಸ ಇರಲಿ, ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬೇಡಿ. ಪ್ರಕರಣ ನ್ಯಾಯಾಲಯದಲ್ಲಿದ್ದರೆ ಕಳುಹಿಸುವ ದಿನದ ಬೆಳಿಗ್ಗೆ ಹೊಸ ಆದೇಶ ಬಂದಿದೆಯೇ ಎಂದು ನೋಡಿಕೊಳ್ಳಿ. ಜಾಗ ಸಾಲದಾದಾಗ ಉಪಸಂಪಾದಕರು ಕೊನೆಯ ಸಾಲುಗಳಿಂದ ಕತ್ತರಿಸುವುದೇ ಹೆಚ್ಚು. ಆದುದರಿಂದ ಎದುರು ಪಕ್ಷದ ವಾದವನ್ನೂ ನಿಮ್ಮ ನಿಲುವಿನ ಷರತ್ತನ್ನೂ ಬರಹದ ತುದಿಗೆ ತಳ್ಳದೆ ನಡುವಿನಲ್ಲಿಯೇ ಇಡಿ.