ಒಂದೇ ಎಸ್‌ಟಿಡಿ, ಏಳು ಫ್ಯಾಕ್ಸ್

ಮಂಗಳೂರು ಬಂದರಿನ ಒಂದು ಗೇರುಬೀಜದ ಆಫೀಸಿನಲ್ಲಿ ಫ್ಯಾಕ್ಸ್ ನನ್ನ ಮೇಜಿನ ಮೇಲಿತ್ತು. ದಿನಾ ಬೆಳಗ್ಗೆ ಡಬ್ಲ್ಯೂ 240, ಡಬ್ಲ್ಯೂ 320 ಎಂಬ ಇಡೀ ಬೀಜದ ದರ್ಜೆಗಳು, ಹೋಳು, ತುಂಡು ಎಲ್ಲದರ ದರ ಬರೆದ ಒಂದು ಪುಟ ಮುಂಬೈಯ ಏಳು ದಲ್ಲಾಳಿಗಳಿಗೆ ಹೋಗಬೇಕು. ಏಳು ಎಸ್‌ಟಿಡಿ, ಅಂದರೆ ಪರವೂರಿನ ದುಬಾರಿ ಕಾಲ್! ಬಿಲ್ ಬಂದ ದಿನ ಧಣಿಗಳ ಮುಖ ನೋಡುವ ಹಾಗಿರಲಿಲ್ಲ. ಆಮೇಲೆ ಮುಂಬೈ ಬ್ರಾಂಚಿನ ಫ್ಯಾಕ್ಸನ್ನೇ ರಿಲೇ ಮಾಡಿಕೊಂಡೆವು. ನಾವು ಅಲ್ಲಿಗೆ ಒಂದು ಪ್ರತಿ ಕಳಿಸುವುದು, ಅದು ಮೆಮೊರಿಯಲ್ಲಿಟ್ಟು ಏಳು ಲೋಕಲ್ ಕಾಲ್ ಮಾಡುವುದು. ಫ್ಯಾಕ್ಸ್ ಇನ್ನೂ ಬಿಡದ ಆಫೀಸುಗಳಿಗೆ ಈ ವಿದ್ಯೆ ಈಗಲೂ ಆದೀತು.

ಮೊದಲು ಎರಡೂ ಮೆಷಿನ್‌ಗಳ ಕೈಪಿಡಿ ತೆಗೆಯಿರಿ. ಕೆಲವು ಕಂಪನಿಗಳ ರಿಲೇ ಅದೇ ಕಂಪನಿಯ ಮೆಷಿನ್ ಜೊತೆ ಮಾತ್ರ ನಡೆಯುತ್ತದೆ. ಎರಡರಲ್ಲೂ ಎಫ್-ಕೋಡ್ (ಬಂದ ಫ್ಯಾಕ್ಸ್ ಮೆಷಿನ್‌ನೊಳಗಿನ ಯಾವ ಬಾಕ್ಸಿಗೆ ಎಂದು ಹೇಳುವ ನಂಬರ್) ಉಂಟಾದರೆ ಬೇರೆ ಬೇರೆ ಕಂಪನಿಯದಾದರೂ ಹೊಂದಿಕೊಳ್ಳಬಹುದು.

ಹೆಚ್ಚಿನ ಕೆಲಸ ಇರುವುದು ರಿಲೇ ಮೆಷಿನ್‌ನಲ್ಲಿ. ಅದರಲ್ಲಿ ರಿಲೇ ಬಾಕ್ಸ್ ತೆರೆದು, ಅದಕ್ಕೊಂದು ಎಫ್-ಕೋಡ್, ಬೇಕಾದರೆ ಪಾಸ್‌ವರ್ಡ್ ಕೊಟ್ಟು, ಏಳು ನಂಬರ್‌ಗಳ ಗ್ರೂಪ್ ಸೇರಿಸಬೇಕು. ನಾನು ಮಾಡಿದ ಎಡವಟ್ಟು ಇಲ್ಲಿಯೇ. ನನ್ನ ಡೈರಿಯಲ್ಲಿದ್ದ ಹಾಗೆ ಮುಂಬೈಯ ಎಸ್‌ಟಿಡಿ ಕೋಡ್ 022 ಸೇರಿಸಿಯೇ ಫೋನಿನಲ್ಲಿ ನಂಬರ್ ಹೇಳಿದೆ, ಅಲ್ಲಿನ ಹುಡುಗ ಹಾಗೆಯೇ ಒತ್ತಿದ. ಮುಂಬೈಯೊಳಗಿಂದ ಮುಂಬೈಗೆ 022 ಎಂತಕ್ಕೆ ಮಾರಾಯ್ರೆ? ಏಳಕ್ಕೆ ಏಳೂ ಫೇಲ್. ನಂಬರ್ ಯಾವಾಗಲೂ ರಿಲೇ ಇರುವ ಊರಿನಿಂದ ಒತ್ತುವ ಹಾಗೆ ಇರಬೇಕು. ಅಲ್ಲಿ ಇಂಟರ್‌ಕಾಮ್ ದಾಟಿ ಹೊರಗೆ ಹೋಗಲು 0 ಒತ್ತುವುದಿದ್ದರೆ, ಆ 0 ಆದ ಮೇಲೆ ಒಂದು ಪಾಜ್ (ಕ್ಷಣದ ತಡೆ) ಕೂಡ ಸೇರಿಸಿ.

ಒಂದೊಂದು ನಂಬರನ್ನೂ ಓದಿಸಿ ಕೇಳಿ. ತಪ್ಪು ನಂಬರ್ ಯಾರದೋ ಮನೆಯದಾದರೆ ಮೆಷಿನ್ ಬಿಡುವುದಿಲ್ಲ, ಮತ್ತೆ ಮತ್ತೆ ಡಯಲ್ ಮಾಡಿ ಕಿವಿಗೆ ಕುಂಯ್ ಎನ್ನುತ್ತದೆ. ಬೈಗುಳ ಬ್ರಾಂಚಿನವರಿಗೆ.

ನಮ್ಮ ಕಡೆ ಕೆಲಸ ಸ್ವಲ್ಪವೇ. ಬ್ರಾಂಚಿನ ನಂಬರನ್ನು ಎಫ್-ಕೋಡ್, ಪಾಸ್‌ವರ್ಡ್ ಸಮೇತ ಒಂದು ಗುಂಡಿಗೆ ಹಾಕಿಟ್ಟು, ಕಾಗದ ಇಟ್ಟು ಒತ್ತುವುದು. ಅಕ್ಷರ ದೊಡ್ಡದಿದ್ದರೆ ‘ಫೈನ್’ ಬೇಡ. ಸ್ಟ್ಯಾಂಡರ್ಡ್‌ನಲ್ಲಿ ಮಿಲಿಮೀಟರಿಗೆ 3.85 ಗೆರೆ, ಫೈನ್‌ನಲ್ಲಿ 7.7. ಹೊತ್ತೂ ಹೆಚ್ಚು, ಮೆಮೊರಿಯೂ ಹೆಚ್ಚು. ಕಪ್ಪು ಪಟ್ಟಿಯ ಲೆಟರ್‌ಹೆಡ್ಡೂ ಬೇಡ, ರಿಲೇಯ ಮೆಮೊರಿ ತುಂಬಿದರೆ ಏಳು ಜನರಿಗೂ ಇಲ್ಲ.

ಇನ್ನು ‘ಓಕೆ’ ಚೀಟಿಯ ವಿಷಯ. ಆ 022 ದಿನವೂ ನಮ್ಮ ಮೆಷಿನ್ ಓಕೆ ಎಂದೇ ಚೀಟಿ ಕೊಟ್ಟಿತ್ತು. ನಾನು ಚಾ ಕುಡಿಯಲು ಹೋದೆ. ಹನ್ನೊಂದು ಗಂಟೆಗೆ ದಲ್ಲಾಳಿಗಳ ಫೋನ್ ಸುರುವಾಯಿತು, “ರೇಟ್ ಎಲ್ಲಿ?” ಆ ಓಕೆಯ ಅರ್ಥ ರಿಲೇಗೆ ಸಿಕ್ಕಿತು ಎಂದು ಮಾತ್ರ. ಮುಂದೆ ಯಾರಿಗೆ ಹೋಯಿತು, ಯಾರ ಲೈನ್ ಎಂಗೇಜ್ ಇತ್ತು ಎಂಬ ವರದಿ ರಿಲೇಯಿಂದ ವಾಪಸ್ ಬರಬೇಕು. ಅದಕ್ಕೆ ನಮ್ಮ ನಂಬರನ್ನು ರಿಲೇಯಲ್ಲಿ ಹಾಕಿಡಬೇಕು, ಇದನ್ನು ಮಾತ್ರ ಮಂಗಳೂರಿನ ಕೋಡ್ 0824 ಸೇರಿಸಿ. ವರದಿ ಬಾರದಿದ್ದರೆ ಬ್ರಾಂಚಿಗೆ ಫೋನ್ ಮಾಡಿ. ಅಲ್ಲಿ ಕರೆಂಟ್ ಹೋಗಿದ್ದರೆ ಮೆಮೊರಿಯಲ್ಲಿದ್ದದ್ದೂ ಹೋಗಿರಬಹುದು, ಆಗ ಮೊದಲಿಂದ ಕಳಿಸಬೇಕು.

ಬಂದ ವರದಿಯನ್ನು ಅವತ್ತೇ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿ. ಥರ್ಮಲ್ ಕಾಗದವಾದರೆ ಎರಡು ಮಳೆಗಾಲ ಕಳೆಯುವಾಗ ಓದಲು ಎಂತದೂ ಉಳಿದಿರುವುದಿಲ್ಲ.