ಗಿಣ್ಣು, ಎಂಜಲು ಮತ್ತು ಐದು ಮೀಟರ್ ದಾರ

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕಿಣ್ವದ ಪಾಠ ಬಂದಾಗಲೆಲ್ಲ ಎಂಜಲಿನ ಪ್ರಯೋಗ ಮಾಡಿಸುತ್ತೇನೆ. ಖರ್ಚಿಲ್ಲ, ಸಾಮಾನೂ ಜಾಸ್ತಿ ಬೇಡ. ಬಾಯಿ ಮುಕ್ಕಳಿಸಿ, ಒಂದು ಪಾಲು ಎಂಜಲಿಗೆ ಒಂಬತ್ತು ಪಾಲು ನೀರು ಸೇರಿಸಬೇಕು. ಪಿಷ್ಟದ ತೆಳು ಗಂಜಿ ಬೇಕು, ಜೊತೆಗೆ ಒಂದು ಚಿಟಿಕೆ ಉಪ್ಪು. ಎಂಜಲಿನಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವ ಅಮೈಲೇಸ್. ಅದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಇದ್ದರೇ ಚುರುಕು. ಎರಡನ್ನೂ ಬೆರೆಸಿ 37 ಡಿಗ್ರಿ ನೀರಿನಲ್ಲಿಟ್ಟು, ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲ್ಸ್ ಮೇಲಿನ ಅಯೋಡಿನ್‌ಗೆ ಸೇರಿಸುತ್ತೇವೆ. ಮೊದಲು ಕಡುನೀಲಿ, ಆಮೇಲೆ ನೇರಳೆ, ಕಂದು. ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ನೀಲಿ ಬಂದರೆ ಪಿಷ್ಟ ಇದೆ, ಬರದಿದ್ದರೆ ಪಿಷ್ಟ ಒಡೆದುಹೋಯಿತು ಅಂತ ಅರ್ಥ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಕುದಿಸಿದ ಎಂಜಲು ಕೆಲಸ ಮಾಡುವುದಿಲ್ಲ ಅಂತ ತೋರಿಸಬೇಕಿತ್ತು. ಸಮಯ ಕಡಿಮೆ ಇತ್ತು. ಎಂಜಲು ಕುದಿಸಿ, ಬಿಸಿ ಗಂಜಿಗೆ ಸುರಿದು, ಟೆಸ್ಟ್ ಟ್ಯೂಬಿಗೇ ಅಯೋಡಿನ್ ಬಿಟ್ಟೆ. ನೀಲಿ ಬರಲೇ ಇಲ್ಲ! ಮಕ್ಕಳು ರೆಕಾರ್ಡಿನಲ್ಲಿ ‘ಕುದಿಸಿದರೂ ಕಿಣ್ವ ಕೆಲಸ ಮಾಡುತ್ತದೆ’ ಎಂದು ಬರೆದುಕೊಂಡರು. ನನಗೆ ಉತ್ತರ ಹೊಳೆಯಲಿಲ್ಲ. ಹತ್ತು ನಿಮಿಷ ಆದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಟ್ಯೂಬ್ ಎತ್ತಿ ಹಿಡಿದಳು. “ಮೇಡಂ, ಈಗ ನೀಲಿ ಆಗಿದೆ ನೋಡಿ.”

ಆಗ ಗೊತ್ತಾಯಿತು. ಪಿಷ್ಟದ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುತ್ತಿನೊಳಗೆ ಕೂತಾಗ ನೀಲಿ ಕಾಣುತ್ತದೆ. ಬಿಸಿಗೆ ಸುತ್ತು ಸಡಿಲವಾಗುತ್ತದೆ, ಅಯೋಡಿನ್ ಹೊರಗೆ ಬರುತ್ತದೆ. ಆರಿದ ಮೇಲೆ ಮತ್ತೆ ಸುತ್ತು, ಮತ್ತೆ ನೀಲಿ. ಟೈಲ್ಸ್ ಮೇಲಾದರೆ ಒಂದು ಹನಿ ತಕ್ಷಣ ಆರುತ್ತದೆ, ಈ ಮೋಸ ಆಗುವುದಿಲ್ಲ.

ಇದನ್ನು ಹೇಳಿದ್ದೇ ತಡ, ಅದೇ ಹುಡುಗಿ ಕೇಳಿದಳು: “ಹಾಗಾದ್ರೆ ಕಿಣ್ವಾನೂ ಆರಿದ ಮೇಲೆ ಸರಿಹೋಗಬೇಕಲ್ವಾ ಮೇಡಂ?”

ಎಷ್ಟು ಒಳ್ಳೆಯ ಪ್ರಶ್ನೆ! ಅದಕ್ಕಾಗಿಯೇ ದಾರ ತಂದೆ. ಈ ಕಿಣ್ವವೂ ಒಂದು ಪ್ರೋಟೀನ್, ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ನಮ್ಮ ಎಂಜಲಿನ ಅಮೈಲೇಸ್‌ನಲ್ಲಿ ಅಂಥ ಮಣಿ 496. ಒಂದಕ್ಕೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಹಾಕಿ ಸುಮಾರು ಐದು ಮೀಟರ್ ದಾರ ಕತ್ತರಿಸಿದೆ. 197, 233, 300ನೇ ಸೆಂಟಿಮೀಟರಿನಲ್ಲಿ ಕೆಂಪು ಉಲ್ಲನ್ ಕಟ್ಟಿದೆ. ಪಿಷ್ಟವನ್ನು ಕತ್ತರಿಸುವ ಕೆಲಸದಲ್ಲಿ ಮುಖ್ಯವಾದವು ಈ ಮೂರು. ಎರಡು ಆಸ್ಪಾರ್ಟಿಕ್ ಆಮ್ಲ, ನಡುವಿನದು ಗ್ಲುಟಾಮಿಕ್ ಆಮ್ಲ. ದಾರ ಚಾಚಿ ಹಿಡಿದರೆ ಮೊದಲ ಕೆಂಪಿಗೂ ಕೊನೆಯ ಕೆಂಪಿಗೂ ಒಂದು ಮೀಟರಿಗಿಂತ ಜಾಸ್ತಿ ದೂರ. ಮಡಚಿ ಉಂಡೆ ಮಾಡಿದರೆ ಮೂರೂ ಒಂದೇ ಕುಳಿಯಲ್ಲಿ ಎದುರುಬದುರು ಕೂರುತ್ತವೆ. ಕುದಿಸಿದಾಗ ಸರ ತುಂಡಾಗುವುದಿಲ್ಲ. ಉಂಡೆ ಬಿಚ್ಚಿಕೊಳ್ಳುತ್ತದೆ, ಕೆಂಪುಗಳು ದೂರವಾಗುತ್ತವೆ. ಮಕ್ಕಳ ಕೈಗೇ ದಾರ ಕೊಟ್ಟು ಮಡಚಿಸಿ, ಬಿಚ್ಚಿಸಿ ನೋಡಿದೆ. ಬೋರ್ಡಿನ ಚಿತ್ರಕ್ಕಿಂತ ಇದು ಬೇಗ ಹತ್ತಿತು.

ಆದರೆ ಬಿಚ್ಚಿದ್ದು ಮತ್ತೆ ಯಾಕೆ ಮಡಚಿಕೊಳ್ಳುವುದಿಲ್ಲ? ಅದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲಿ ಸಿಕ್ಕಿತು. ಪಕ್ಕದ ಮನೆಯ ಹಸು ಕರು ಹಾಕಿತ್ತು, ಕರು ಕುಡಿದು ಉಳಿದ ಹಾಲು ಕೊಟ್ಟಿದ್ದರು. ಬೆಲ್ಲ, ಏಲಕ್ಕಿ ಹಾಕುತ್ತಾ ಅಮ್ಮ, “ಮೊದಲನೇ ದಿನದ್ದು ಕಣೇ, ಮಾಮೂಲಿ ಹಾಲು ಬೆರೆಸದಿದ್ರೆ ಕಲ್ಲಾಗುತ್ತೆ” ಅಂದರು. ಸರಿಯಾದ ಮಾತು. ಆ ಹಾಲಿನಲ್ಲಿ ಪ್ರೋಟೀನ್ ಸುಮಾರು ನಾಲ್ಕು ಪಟ್ಟು. ಅದರಲ್ಲೂ ಬಿಗಿಯಾಗಿ ಮಡಚಿಕೊಂಡ ಪ್ರೋಟೀನುಗಳೇ ಬಹಳ. ಹಬೆಗೆ ಅವು ಬಿಚ್ಚಿಕೊಳ್ಳುತ್ತವೆ. ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಗೆ ಬಂದು, ಸಿಕ್ಕ ಪಕ್ಕದ ಸರವನ್ನೇ ಹಿಡಿದುಕೊಳ್ಳುತ್ತವೆ. ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಹೀಗೆ ಬಲೆ ಕಟ್ಟಿ ಗಿಣ್ಣಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಅದು ತಿರುಗಿ ಹಾಲಾಗುತ್ತದಾ? ಮಾಮೂಲಿ ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್‌ಗೆ ಅಂಥ ಬಿಗಿ ಮಡಿಕೆ ಮೊದಲೇ ಇಲ್ಲ. ಹಾಗಾಗಿಯೇ ಹಾಲು ಎಷ್ಟು ಕುದಿಸಿದರೂ ಗಿಣ್ಣಾಗುವುದಿಲ್ಲ.

ಮರುದಿನ ಡಬ್ಬಿಯಲ್ಲಿ ಗಿಣ್ಣು ಒಯ್ದೆ. ಎರಡು ಟ್ಯೂಬ್ ಎಂಜಲು ಇಟ್ಟೆವು. ಒಂದು ಐಸಿನಲ್ಲಿ, ಇನ್ನೊಂದು ಕುದಿಯುವ ನೀರಿನಲ್ಲಿ. ಆಮೇಲೆ ಎರಡನ್ನೂ 37 ಡಿಗ್ರಿಗೆ ತಂದು ಗಂಜಿಗೆ ಹಾಕಿದೆವು. ಐಸಿನಲ್ಲಿದ್ದದ್ದು ಎಂದಿನ ಹಾಗೆ ಪಿಷ್ಟ ತಿಂದಿತು. ಕುದಿಸಿದ್ದರ ಸಾಲು ಕೊನೆಯವರೆಗೂ ನೀಲಿಯೇ.

ಆ ಹುಡುಗಿಗೆ ಮಾತ್ರ ಇನ್ನೊಂದು ವಿಷಯ ಹೇಳಲೇಬೇಕಿತ್ತು. ಅವಳ ಊಹೆ ಸುಮ್ನೆ ಬಂದದ್ದಲ್ಲ. ರೈಬೋನ್ಯೂಕ್ಲಿಯೇಸ್ ಅನ್ನುವ 124 ಅಮೈನೋ ಆಮ್ಲಗಳ ಪುಟ್ಟ ಕಿಣ್ವವನ್ನು ಕ್ರಿಶ್ಚಿಯನ್ ಆನ್‌ಫಿನ್‌ಸನ್ ಎಂಬ ವಿಜ್ಞಾನಿ ಯೂರಿಯಾ ಹಾಕಿ ಬಿಚ್ಚಿದರು, ಅದರ ಗಂಧಕದ ಕೊಂಡಿಗಳನ್ನೂ ಮುರಿದರು. ಯೂರಿಯಾ ತೆಗೆದು ಗಾಳಿಗೆ ಬಿಟ್ಟಾಗ ಅದು ತಾನಾಗಿಯೇ ಮಡಚಿಕೊಂಡು ಮತ್ತೆ ಕೆಲಸ ಶುರುಮಾಡಿತು. ಹೇಗೆ ಮಡಚಿಕೊಳ್ಳಬೇಕು ಅನ್ನುವುದು ಸರದ ಜೋಡಣೆಯಲ್ಲೇ ಇದೆ ಅಂತ ಇದರಿಂದ ಗೊತ್ತಾಯಿತು. 1972ರಲ್ಲಿ ಅವರಿಗೆ ನೊಬೆಲ್ ಬಂತು. ಪಕ್ಕದ ಸರಗಳ ಜೊತೆ ಗಂಟು ಬೀಳದಿದ್ದರೆ ವಾಪಸ್ ಬರಲು ದಾರಿ ಇರುತ್ತದೆ.

ಈಗ ಪ್ರತಿ ವರ್ಷ ಬೇಕೆಂದೇ ಆ ಬಿಸಿ ಟ್ಯೂಬಿನಿಂದಲೇ ಪಾಠ ಶುರುಮಾಡುತ್ತೇನೆ. ಅಯೋಡಿನ್ ಹಾಕಿ, ಏನೂ ಹೇಳದೆ, ಹತ್ತು ನಿಮಿಷ ಸ್ಟ್ಯಾಂಡಿನಲ್ಲಿ ಬಿಡುತ್ತೇನೆ.